ಬ್ರಸೆಲ್ಸ್‌ನ ಇಬ್ಬರು ವಕೀಲರು, ಕೋಟಿ ಚೀಟಿಗಳು

ಪಾಲ್ ಒಟ್ಲೆ ಅವರನ್ನು ಈಚೆಗೆ ಇಂಟರ್ನೆಟ್ಟಿನ ಮುತ್ತಜ್ಜ ಎಂದು ಕರೆಯುವುದು ರೂಢಿಯಾಗಿದೆ. ದಾಖಲೆಗಳ ಶಾಸ್ತ್ರದ ಬಗ್ಗೆ 1934ರಲ್ಲಿ ಬಂದ ತಮ್ಮ ದೊಡ್ಡ ಗ್ರಂಥದಲ್ಲಿ ಅವರು ಪುಸ್ತಕವೇ ಇಲ್ಲದ ಓದುಮೇಜೊಂದನ್ನು ಕಲ್ಪಿಸಿದ್ದರು. ಮೇಜಿನ ಮೇಲೆ ಪರದೆ, ಕೈಗೆಟಕುವಲ್ಲಿ ಟೆಲಿಫೋನ್. ಕೇಳಿದ ಪುಟ ದೂರದ ಗ್ರಂಥಾಗಾರದಿಂದ ಪರದೆಯ ಮೇಲೆ ಮೂಡಬೇಕು. ನಿಜಕ್ಕೂ ಬೆರಗಿನ ಮುನ್ನೋಟ. ಆದರೆ ಇದೊಂದನ್ನೇ ಹೊಗಳುತ್ತ ಕೂತರೆ ಅವರ ಬದುಕಿನ ಮುಖ್ಯ ಹಂಬಲ ಕಣ್ತಪ್ಪುತ್ತದೆ. ಒಟ್ಲೆಗೂ ಅವರ ಜೀವಮಾನದ ಜತೆಗಾರ ಆನ್ರಿ ಲಾ ಫೊಂಟೇನ್‌ಗೂ ಬೇಕಾಗಿದ್ದದ್ದು ಯುದ್ಧವಿಲ್ಲದ ಲೋಕ.

ಒಟ್ಲೆ ಹುಟ್ಟಿದ್ದು 1868ರಲ್ಲಿ, ಬ್ರಸೆಲ್ಸ್‌ನ ಸಿರಿವಂತರ ಮನೆಯಲ್ಲಿ. ತಂದೆ ದೇಶದೇಶಗಳಿಗೆ ಟ್ರಾಮ್ ಮಾರಿದ ಉದ್ಯಮಿ. ತಾಯಿ ತೀರಿಕೊಂಡಾಗ ಮಗುವಿಗೆ ಮೂರು ವರ್ಷ. ತರಗತಿಯ ಗೋಡೆಗಳು ಮಕ್ಕಳ ಬುದ್ಧಿಯನ್ನು ಮುದುಡಿಸುತ್ತವೆ ಎಂದು ನಂಬಿದ್ದ ತಂದೆ, ಹನ್ನೊಂದು ತುಂಬುವವರೆಗೂ ಮಗನನ್ನು ಶಾಲೆಗೆ ಕಳಿಸಲಿಲ್ಲ. ಹುಡುಗನಿಗೆ ಪುಸ್ತಕಗಳೇ ಒಡನಾಡಿಗಳಾದವು. ಮುಂದೆ ಕಾನೂನು ಓದಿ, ಎದ್ಮೊಂ ಪಿಕಾರ್ ಎಂಬ ಹೆಸರಾಂತ ವಕೀಲರ ಕೈಕೆಳಗೆ ಸೇರಿದರೂ ಮನಸ್ಸು ಅಲ್ಲಿ ನಿಲ್ಲಲಿಲ್ಲ.

1891ರ ಸುಮಾರಿಗೆ ಲಾ ಫೊಂಟೇನ್ ಪರಿಚಯವಾಯಿತು. ಅವರು ಹದಿನಾಲ್ಕು ವರ್ಷ ಹಿರಿಯರು. ಅಂತರರಾಷ್ಟ್ರೀಯ ಕಾನೂನು ಬಲ್ಲವರು, ಸಮಾಜವಾದಿ, ಬೆಟ್ಟ ಹತ್ತುವ ಹುಚ್ಚಿನವರು, 1895ರಿಂದ ಸೆನೆಟ್ ಸದಸ್ಯರು. ಕಾನೂನು ಪದವಿ ಪಡೆದ ಮರೀ ಪೊಪೆಲೆಂಗೆ ಹೆಣ್ಣೆಂಬ ಕಾರಣಕ್ಕೆ 1888ರಲ್ಲಿ ಬ್ರಸೆಲ್ಸ್‌ನ ನ್ಯಾಯಾಲಯ ವಕೀಲಿಕೆಯ ಬಾಗಿಲು ಮುಚ್ಚಿತ್ತು. ಆ ಅನ್ಯಾಯದ ಬೆನ್ನಿಗೆ, 1892ರಲ್ಲಿ ಹುಟ್ಟಿದ ಮಹಿಳಾ ಹಕ್ಕುಗಳ ಸಂಘದ ಕೆಲಸದಲ್ಲಿ ಲಾ ಫೊಂಟೇನ್ ಮತ್ತು ಅವರ ತಂಗಿ ಲಿಯೊನಿ ತೊಡಗಿಕೊಂಡರು.

ಇಬ್ಬರು ವಕೀಲರೂ ಕೂಡಿ 1895ರಲ್ಲಿ ಅಂತರರಾಷ್ಟ್ರೀಯ ಗ್ರಂಥಸೂಚಿ ಸಂಸ್ಥೆ ಕಟ್ಟಿದರು. ಜಗತ್ತಿನಲ್ಲಿ ಅಚ್ಚಾದದ್ದೆಲ್ಲದರ ವಿವರವನ್ನು ಅಂಗೈಯಗಲದ ಚೀಟಿಗಳಲ್ಲಿ ಬರೆದು, ವಿಷಯವಾರು ಮರದ ಖಾನೆಗಳಲ್ಲಿ ಜೋಡಿಸುವ ಕೆಲಸ. ವರ್ಷ ಮುಗಿಯುವಷ್ಟರಲ್ಲಿ 4 ಲಕ್ಷ ಚೀಟಿ. ಮುಂದೆ 1 ಕೋಟಿಯನ್ನೂ ದಾಟಿತು. ಕೂತು ಬರೆದವರಲ್ಲಿ ಹೆಂಗಸರು ಬಹಳ, ಲಿಯೊನಿಯೂ ಅವರಲ್ಲೊಬ್ಬರು. ಒಟ್ಲೆಯ ಹೆಸರು ಹೇಳುವಲ್ಲಿ ಈ ಕೈಗಳನ್ನು ನೆನೆಯದಿರುವುದು ತಪ್ಪೆಂದು ನನಗನ್ನಿಸುತ್ತದೆ. ಬಲ್ಗೇರಿಯಾದ ಹಣಕಾಸಿನಿಂದ ಹಿಡಿದು ಬೂಮರಾಂಗ್‌ವರೆಗೆ ಯಾವ ವಿಷಯ ಬೇಕಾದರೂ ಜನ ಅಂಚೆಯಲ್ಲಿ ಕೇಳಬಹುದಿತ್ತು. ಚೀಟಿಗಳನ್ನು ನಕಲು ಮಾಡಿ ಕಳಿಸುತ್ತಿದ್ದರು, ಸಾವಿರಕ್ಕೆ 27 ಫ್ರಾಂಕ್. 1912ರ ಹೊತ್ತಿಗೆ ವರ್ಷಕ್ಕೆ ಸುಮಾರು 1500 ಪ್ರಶ್ನೆಗಳು ಬರುತ್ತಿದ್ದವು.

ಅಷ್ಟು ಚೀಟಿಗಳಲ್ಲಿ ಬೇಕಾದದ್ದು ಸಿಗಬೇಕಲ್ಲ? ಅಮೆರಿಕದ ಮೆಲ್ವಿಲ್ ಡ್ಯೂಯಿ ರೂಪಿಸಿದ್ದ ದಶಮಾಂಶ ಕ್ರಮವನ್ನು ಒಪ್ಪಿಗೆ ಪಡೆದು ಎತ್ತಿಕೊಂಡ ಇವರು ಅದನ್ನು ಬೇರೆಯೇ ಎತ್ತರಕ್ಕೆ ಒಯ್ದರು. ಸಂಖ್ಯಾಶಾಸ್ತ್ರಕ್ಕೆ 31, ಕೃಷಿಗೆ 63. ನಡುವೆ ಎರಡು ಚುಕ್ಕಿಯಿಟ್ಟು 31:63 ಎಂದು ಬರೆದರೆ ಕೃಷಿಯ ಅಂಕಿಅಂಶ. ಅದಕ್ಕೇ (540) ಸೇರಿಸಿದರೆ ಭಾರತದ್ದು. ಒಂದು ಪುಸ್ತಕಕ್ಕೆ ಒಂದೇ ಗೂಡು ಎಂಬ ಕಟ್ಟು ಮುರಿದು, ವಿಷಯ ವಿಷಯಗಳ ನಂಟನ್ನೇ ಬರೆಯುವ ಭಾಷೆ ಸಿಕ್ಕಿತು. ಸಾರ್ವತ್ರಿಕ ದಶಮಾಂಶ ವರ್ಗೀಕರಣವೆಂದು ಗ್ರಂಥಪಾಲಕರು ಇಂದಿಗೂ ಬಳಸುವುದು ಇದನ್ನೇ.

ಲಾ ಫೊಂಟೇನ್‌ಗೆ 1913ರಲ್ಲಿ ಶಾಂತಿ ನೊಬೆಲ್ ಬಂತು. ಮರುವರ್ಷದ ಆಗಸ್ಟ್‌ನಲ್ಲೇ ಜರ್ಮನ್ ಸೇನೆ ಬೆಲ್ಜಿಯಂಗೆ ನುಗ್ಗಿ ಲೂವೆನ್ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಸುಟ್ಟಿತು. ಒಟ್ಲೆಯ ಮಗ ಜಾನ್ ಅದೇ ವರ್ಷ ಈಸರ್ ನದಿಯ ಕಾಳಗದಲ್ಲಿ ಪ್ರಾಣ ಬಿಟ್ಟ. ಅರಿವು ಹಂಚಿದರೆ ಹಗೆ ಕರಗುತ್ತದೆಂಬ ಇವರ ನಂಬಿಕೆ ಪೂರ್ತಿ ಗಟ್ಟಿಯಾದುದಲ್ಲ. ಲೂವೆನ್‌ಗೆ ಬೆಂಕಿಯಿಟ್ಟದ್ದು ಯುರೋಪಿನಲ್ಲೇ ಅತಿ ಹೆಚ್ಚು ಓದಿದ ದೇಶಗಳಲ್ಲೊಂದರ ಸೇನೆ. ಹಾಗಿದ್ದೂ ಮಗನನ್ನು ಕಳಕೊಂಡ ಆ ಕಾಲದಲ್ಲೇ ಒಟ್ಲೆ ರಾಷ್ಟ್ರಗಳ ಒಕ್ಕೂಟಕ್ಕೊಂದು ಸನ್ನದು ಬರೆದು ಪ್ರಕಟಿಸಿದರು. ಅವರ ಮೇಲೆ ನನಗೆ ಗೌರವ ಹೆಚ್ಚುವುದು ಇಲ್ಲಿ. ಯುದ್ಧ ಮುಗಿದು ರಾಷ್ಟ್ರಸಂಘ ಹುಟ್ಟಿದಾಗ ಅದರ ಮೊದಲ ಸಭೆಗೆ ಬೆಲ್ಜಿಯಂ ನಿಯೋಗದಲ್ಲಿ ಲಾ ಫೊಂಟೇನ್ ಹೋದರು. ಸಂಘದ ನೆಲೆ ಬ್ರಸೆಲ್ಸ್ ಆಗಲಿ ಎಂಬ ಆಸೆ ಮಾತ್ರ ಕೈಗೂಡಲಿಲ್ಲ. ಅದು ಜಿನೀವಾದ ಪಾಲಾಯಿತು.

ಇವರ ಸಂಗ್ರಹಕ್ಕೆ 1920ರಲ್ಲಿ ಸರ್ಕಾರ ಬ್ರಸೆಲ್ಸ್‌ನ ಸ್ಯಾಂಕಾಂತನೇರ್ ಉದ್ಯಾನದ ಅರಮನೆಯಲ್ಲಿ ಜಾಗ ಕೊಟ್ಟಿತ್ತು. 1924ರಲ್ಲಿ ರಬ್ಬರ್ ಪ್ರದರ್ಶನಕ್ಕೆಂದು ಅದನ್ನೇ ಖಾಲಿ ಮಾಡಿಸಿತು. ಮತ್ತೆ ಕೊಟ್ಟು, 1934ರಲ್ಲಿ ಬೀಗ ಜಡಿಯಿತು. 1940ರಲ್ಲಿ ದೇಶವನ್ನು ಆಕ್ರಮಿಸಿದ ನಾಜಿಗಳು ತಮ್ಮ ಕಲಾಪ್ರದರ್ಶನಕ್ಕಾಗಿ ಸಂಗ್ರಹವನ್ನು ಹೊರಹಾಕಿಸಿದರು. ಟನ್‌ಗಟ್ಟಲೆ ಕಾಗದ ನಾಶವಾಯಿತು. 1943ರಲ್ಲಿ ಲಾ ಫೊಂಟೇನ್, 1944ರ ಡಿಸೆಂಬರ್‌ನಲ್ಲಿ ಒಟ್ಲೆ ತೀರಿಕೊಂಡರು.

ಅವರ ಸಂಸ್ಥೆಯ ಬಳ್ಳಿ ಅಷ್ಟರಲ್ಲಿ ಬೇರೆಡೆ ಹಬ್ಬಿತ್ತು. ಅಂತರರಾಷ್ಟ್ರೀಯ ದಾಖಲೀಕರಣ ಒಕ್ಕೂಟವೆಂದು ಹೆಸರು ಬದಲಿಸಿಕೊಂಡ ಅದರ ವರ್ಗೀಕರಣ ಸಮಿತಿಯಲ್ಲಿ ವರ್ಷಗಟ್ಟಲೆ ದುಡಿದವರು ಭಾರತದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್. 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದವರೂ ಅವರೇ.

1968ರಲ್ಲಿ ಬಾಯ್ಡ್ ರೇವರ್ಡ್ ಎಂಬ ಆಸ್ಟ್ರೇಲಿಯದ ಸಂಶೋಧಕ ಬ್ರಸೆಲ್ಸ್‌ನಲ್ಲಿ ಜೇಡರಬಲೆ ಮುಸುಕಿದ ಒಟ್ಲೆಯ ಕೋಣೆಯನ್ನು ಕಂಡರು. ಅವರು ಬರೆದ ಜೀವನಚರಿತ್ರೆಯಿಂದ ಜಗತ್ತು ಮತ್ತೆ ಇತ್ತ ನೋಡಿತು. ಉಳಿದ ಸಂಗ್ರಹ ಈಗ ಮೋನ್ಸ್ ಪಟ್ಟಣದ ಮುಂಡೇನಿಯಮ್ ವಸ್ತುಸಂಗ್ರಹಾಲಯದಲ್ಲಿದೆ. ಚೀಟಿಗಳು 2013ರಲ್ಲಿ ಯುನೆಸ್ಕೊದ ವಿಶ್ವಸ್ಮೃತಿ ಪಟ್ಟಿಗೆ ಸೇರಿದವು. ಅವುಗಳ ಜೊತೆಗೆ ಶಾಂತಿ ಚಳವಳಿ, ಅರಾಜಕತಾವಾದ, ಸ್ತ್ರೀವಾದದ ಕಡತಗಳೂ ಇವೆ. ಹೊಸ ಮಾಹಿತಿಗೆಂದು ಈಗ ಯಾರೂ ಆ ಚೀಟಿಗಳನ್ನು ತಿರುವುವುದಿಲ್ಲ. ಬೆಲ್ಜಿಯಂನ ಹೆಂಗಸರು ಮತದಾನಕ್ಕೆ, ವಕೀಲಿಕೆಗೆ ಹೋರಾಡಿದ ಚರಿತ್ರೆ ಬರೆಯುವವರಿಗಾದರೋ ಲಿಯೊನಿ ಕೂಡಿಟ್ಟ ಕರಪತ್ರ, ಪತ್ರಿಕೆಗಳು ಇಂದಿಗೂ ಬೇಕು.