ಸೂರಿಲ್ಲದ ವಿದ್ಯಾರ್ಥಿಯೂ ದಾಸೋಹದ ನೆಲವೂ

ಗುರುವೂ ಗ್ರಂಥವೂ ದೊರೆತರೂ ರಾತ್ರಿ ತಲೆಯಿಡಲೊಂದು ಸೂರೂ ಹೊತ್ತಿಗೊಂದು ಮುದ್ದೆಯೂ ದೊರೆಯದ ಬಾಲಕನಲ್ಲಿ ವಿದ್ಯೆ ನಿಲ್ಲಲಾರದೆಂಬ ಸಂಗತಿಯನ್ನು ತುಮಕೂರು ಸೀಮೆಯ ಜನರು ಯಾವ ಕಾಯಿದೆಯಿಂದಲೂ ಕಲಿತವರಲ್ಲ. ಸೋಮವಾರ ಶಾನುಭೋಗರ ಮನೆ, ಮಂಗಳವಾರ ವಕೀಲರ ಮನೆ ಎಂದು ವಾರಾನ್ನವುಂಡು, ಯಾರದೋ ಜಗುಲಿಯಲ್ಲಿ ಮಲಗಿ, ಬೀದಿದೀಪದ ಕೆಳಗೆ ಓದಿದವರ ಕಥೆಗಳು ಹಳೆಯ ಮೈಸೂರಿನಲ್ಲಿ ಮನೆಮನೆಗೂ ಇದ್ದವು. ಆ ಕಥೆಗಳನ್ನು ಈಗ ಅಭಿಮಾನದಿಂದ ಹೇಳಿಕೊಳ್ಳುವವರುಂಟು. ಆದರೆ ಪರರ ಹೊಸ್ತಿಲಲ್ಲಿ ದಿನವೂ ಕೈಯೊಡ್ಡಿದ ಬಾಲಕನಿಗೆ ಆ ಅನ್ನವು ಎಷ್ಟು ಕಹಿಯಾಗಿದ್ದಿತೋ ಅದನ್ನು ಬಲ್ಲವನು ಅವನೊಬ್ಬನೇ. ಜಾತಿಯ ಕಾರಣದಿಂದ ಆ ಹೊಸ್ತಿಲನ್ನೇ ಸಮೀಪಿಸಲಾಗದಿದ್ದವರಿಗಂತೂ ಆ ಕಹಿಯೂ ದಕ್ಕಲಿಲ್ಲ.

ಈ ದೈನ್ಯವನ್ನು ವ್ಯವಸ್ಥೆಯೊಂದರಿಂದ ನೀಗಿಸಲೆಳಸಿದ ಮೊದಲಿಗರಲ್ಲಿ ಗುಬ್ಬಿಯ ವರ್ತಕರೊಬ್ಬರಿದ್ದರು. 1838ರಲ್ಲಿ ಜನಿಸಿ ಬೆಂಗಳೂರಿನಲ್ಲಿ ಧನಾರ್ಜನೆ ಮಾಡಿದ ಗುಬ್ಬಿ ತೋಟದಪ್ಪನವರು ಅಲ್ಲಿನ ರೈಲ್ವೆ ನಿಲ್ದಾಣದ ಸಮೀಪ ಧರ್ಮಛತ್ರವನ್ನು ತೆರೆದರು. ಮುಂದೆ ಅದರೊಡನೆ ವಿದ್ಯಾರ್ಥಿಗಳ ಉಚಿತ ವಸತಿಯೂ ಸೇರಿತು. ಅಂದಿನ ವಿದ್ಯಾರ್ಥಿನಿಲಯಗಳು ಬಹುಮಟ್ಟಿಗೆ ಆಯಾ ಸಮುದಾಯದವರು ತಮ್ಮ ಮಕ್ಕಳಿಗಾಗಿ ಕಟ್ಟಿಕೊಂಡವು.

ಸಮುದಾಯದ ಆ ಎಲ್ಲೆಯನ್ನು ದಾಟಿ ನಡೆದುದು ತುಮಕೂರಿನ ಸಿದ್ಧಗಂಗಾ ಮಠ. ಅಂದಿನ ಮಠಾಧಿಪತಿ ಉದ್ದಾನ ಶಿವಯೋಗಿಗಳು 1917ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ಆರಂಭಿಸಿದಾಗ ಅದು ಒಂದು ಚಿಕ್ಕ ಪ್ರಯತ್ನವಾಗಿದ್ದಿತು. 1930ರಲ್ಲಿ ದೀಕ್ಷೆ ಪಡೆದು 1941ರಲ್ಲಿ ಮಠದ ಭಾರ ಹೊತ್ತ ಶಿವಕುಮಾರ ಸ್ವಾಮಿಗಳು ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡು, ನಾಗವಲ್ಲಿಯಲ್ಲಿ ಅಕ್ಕನ ಆಶ್ರಯದಲ್ಲಿ ಓದಿದವರು. ಹಳ್ಳಿಹಳ್ಳಿಗೆ ಭಿಕ್ಷೆಗೆ ಹೋಗಿ ಅವರು ತಂದ ರಾಗಿ, ಕುಲಮತಗಳನ್ನೆಣಿಸದೆ ಬಂದ ಬಾಲಕರೆಲ್ಲರ ಮುದ್ದೆಯಾಯಿತು. ಹಿಂದೆ ಹುಡುಗನು ಮನೆಯಿಂದ ಮನೆಗೆ ಬೇಡಿಕೊಂಡು ಹೋಗುತ್ತಿದ್ದನು. ಇಲ್ಲಿ ಅವನ ಪರವಾಗಿ ಮಠಾಧಿಪತಿಯೇ ಬೇಡಿ, ಅವನನ್ನು ಪಂಕ್ತಿಯಲ್ಲಿ ಕುಳ್ಳಿರಿಸಿ ಬಡಿಸಿದುದರಿಂದ, ಭಿಕ್ಷೆಯ ಅವಮಾನ ಬಾಲಕನ ಹೆಗಲಿನಿಂದ ಇಳಿಯಿತು. ನನ್ನ ಮಟ್ಟಿಗೆ, ಸಹಸ್ರಾರು ವಿದ್ಯಾರ್ಥಿಗಳೆಂಬ ಸಂಖ್ಯೆಗಿಂತ ಈ ಮಾರ್ಪಾಡೇ ಹಿರಿದು. 2019ರ ಜನವರಿ 21ರಂದು ಸ್ವಾಮಿಗಳು ಲಿಂಗೈಕ್ಯರಾದರು. ಆ ದಿನವನ್ನು ಸರ್ಕಾರವು ಆನಂತರ ದಾಸೋಹ ದಿನವೆಂದು ಘೋಷಿಸಿತು. ಶಾಲೆಗಳ ಮಧ್ಯಾಹ್ನದ ಊಟದ ಯೋಜನೆಯಂತೂ 2002ರಲ್ಲಿಯೇ ಅಕ್ಷರ ದಾಸೋಹವೆಂಬ ಹೆಸರನ್ನು ಧರಿಸಿದ್ದಿತು.

ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಅವರು ದಲಿತ ವಿದ್ಯಾರ್ಥಿಗಳಿಗಾಗಿ ದುಡಿದುದನ್ನೂ, 1975ರಲ್ಲಿ ಹಾವನೂರು ಆಯೋಗವು ಹಿಂದುಳಿದ ವರ್ಗಗಳ ಕುರಿತು ವರದಿ ಕೊಟ್ಟ ಬಳಿಕ ಆ ವರ್ಗಗಳ ವಿದ್ಯಾರ್ಥಿನಿಲಯಗಳಿಗೆ ಬಲ ಬಂದುದನ್ನೂ ಇಲ್ಲಿ ಸ್ಮರಿಸಿ ಮುಂದೆ ಸಾಗಬಹುದು.

ದಾನವು ದಾನಿಯ ಮನಸ್ಸನ್ನು ನೆಚ್ಚಿರುತ್ತದೆ. ಹಕ್ಕಿಗೆ ಆ ಹಂಗಿಲ್ಲ. 2009ರಲ್ಲಿ ಅಂಗೀಕೃತವಾದ ಶಿಕ್ಷಣ ಹಕ್ಕು ಕಾಯಿದೆಯು 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಅದರ ಪ್ರಕಾರ ಜನನ ಪ್ರಮಾಣಪತ್ರವಿಲ್ಲವೆಂದು ಆರರಿಂದ ಹದಿನಾಲ್ಕು ವರ್ಷದ ಯಾವ ಮಗುವಿಗೂ ಪ್ರವೇಶವನ್ನು ನಿರಾಕರಿಸಕೂಡದು. ವರ್ಗಾವಣೆ ಪತ್ರ ತಡವಾದರೂ ಸೇರಿಸಿಕೊಳ್ಳತಕ್ಕದ್ದು. ದಾಖಲಾತಿಯ ಅವಧಿ ಮುಗಿದ ಮೇಲೆ ಬಂದರೂ ಬಾಗಿಲು ಮುಚ್ಚಕೂಡದು. ವಲಸೆ ಕುಟುಂಬಗಳ ಮಕ್ಕಳ ಪ್ರವೇಶವು ಸ್ಥಳೀಯ ಪ್ರಾಧಿಕಾರದ ಹೊಣೆ. ಅಮೆರಿಕದಲ್ಲಿ ಮನೆಯಿಲ್ಲದವರ ನೆರವಿಗಾಗಿ 1987ರಲ್ಲಿ ಆದ ಮೆಕ್ಕಿನ್ನಿ ಶಾಸನದಲ್ಲಿ ಅಂಥ ಮಕ್ಕಳ ಶಿಕ್ಷಣಕ್ಕೆಂದೇ ಒಂದು ಭಾಗವಿದ್ದಿತು. ನಮ್ಮ ಕಾಯಿದೆಯಲ್ಲಿ ಅಂಥ ಮಗುವಿಗೆ ಪ್ರತ್ಯೇಕ ಅಧ್ಯಾಯವಿಲ್ಲದಿದ್ದರೂ ಮಗುವನ್ನು ತಡೆಯುತ್ತಿದ್ದ ಕಾಗದಪತ್ರಗಳ ಬೇಲಿಯನ್ನು ಅದು ಕಿತ್ತಿದೆ. ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು 2013ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವೇ ಸ್ವಪ್ರೇರಣೆಯಿಂದ ಕೈಗೆತ್ತಿಕೊಂಡಿತು.

ಬೇಲಿ ಹೋದರೂ ಸೂರಿನ ಪ್ರಶ್ನೆ ಉಳಿದೇ ಇದೆ. ಕುಣಿಗಲ್ಲಿನಲ್ಲಿ ಮನೆ ಕಟ್ಟುವ ಕೂಲಿಗೆಂದು ದೂರದಿಂದ ಬಂದು ಗುಡಾರ ಹೂಡಿದವರ ಮಗುವನ್ನು ಮುಖ್ಯೋಪಾಧ್ಯಾಯರು ಪತ್ರವಿಲ್ಲದೆಯೇ ದಾಖಲಿಸಿಕೊಂಡರೆನ್ನೋಣ. ಗೋಡೆ ಎದ್ದೊಡನೆ ತಂದೆತಾಯಿಗಳು ಗುಬ್ಬಿಗೋ ತುಮಕೂರಿಗೋ ಗುಡಾರ ಕೀಳುವರು, ಮಗುವೂ ಅವರ ಹಿಂದೆ ಹೊರಡುವುದು. ಸರ್ಕಾರದ ಮೆಟ್ರಿಕ್‌ಪೂರ್ವ ವಿದ್ಯಾರ್ಥಿನಿಲಯಗಳು ಸಾಮಾನ್ಯವಾಗಿ ಐದನೆಯ ತರಗತಿಯಿಂದ ಮಕ್ಕಳನ್ನು ತೆಗೆದುಕೊಳ್ಳುತ್ತವೆ. ಆದರೆ ಅಕ್ಷರವು ಕೈಗೆ ಹತ್ತುವುದೂ ತಪ್ಪುವುದೂ ಅದಕ್ಕೆ ಮೊದಲಿನ ನಾಲ್ಕು ವರ್ಷಗಳಲ್ಲಿ. ಆ ವಯಸ್ಸಿನ ಮಕ್ಕಳಿಗೆ, ಹೆತ್ತವರು ಊರು ಬಿಡುವ ತಿಂಗಳುಗಳಲ್ಲಾದರೂ ಶಾಲೆಯ ಮಗ್ಗುಲಲ್ಲಿಯೇ ಊಟವೂ ಹಾಸಿಗೆಯೂ ಕಾಯುವ ತಾಯಿಯೊಬ್ಬಳೂ ಇರುವಂತೆ ಏರ್ಪಾಡಾಗಬೇಕು. ಅದರ ವೆಚ್ಚವನ್ನು ಮಠಗಳ ಮೇಲೆ ಹೊರಿಸದೆ ಸರ್ಕಾರವು ತನ್ನ ಬೊಕ್ಕಸದಿಂದಲೇ ಭರಿಸಬೇಕು.