ಸೋಲುವ ತಂಡವನ್ನು ಯಾವಾಗ ಹೊಸದಾಗಿ ಕಟ್ಟಬೇಕು?

ಹೋದ ವರ್ಷ ತಾಲ್ಲೂಕು ಮಟ್ಟದ ಪದವಿಪೂರ್ವ ಕಾಲೇಜುಗಳ ಕ್ರೀಡಾಕೂಟದಲ್ಲಿ ನಮ್ಮ ವಾಲಿಬಾಲ್ ತಂಡ ಸೆಮಿಫೈನಲ್‌ವರೆಗೆ ಹೋಗಿತ್ತು. ಈ ವರ್ಷ ಮೊದಲ ಪಂದ್ಯದಲ್ಲೇ ನೇರ ಸೆಟ್‌ಗಳಲ್ಲಿ ಸೋತು ಮಧ್ಯಾಹ್ನದ ಊಟಕ್ಕೆ ಮಿರ್ಲೆಗೆ ವಾಪಸ್ ಬಂದೆವು. ಬಸ್ಸಿನಲ್ಲಿ ಒಬ್ಬ ಅಂಗಳ ಸರಿಯಿಲ್ಲ ಅಂದ, ಇನ್ನೊಬ್ಬ ಅಂಪೈರ್ ಸರಿಯಿಲ್ಲ ಅಂದ. ಆದರೆ ನಿಜವಾದ ಕಾರಣ ನಮಗೆಲ್ಲ ಗೊತ್ತಿತ್ತು. ಹೋದ ವರ್ಷ ಆಡಿದ ಆರು ಜನರಲ್ಲಿ ಐವರು ದ್ವಿತೀಯ ಪಿಯುಸಿಯವರು. ಅವರು ಪಾಸಾಗಿ ಹೋದರು. ಉಳಿದವನು ನಾನೊಬ್ಬನೇ. ಈ ವರ್ಷ ಆಡಿದ ಆರೂ ಜನ ದ್ವಿತೀಯ ಪಿಯುಸಿಯವರೇ. ಪ್ರಥಮ ಪಿಯುಸಿ ಹುಡುಗರು ಬೆಂಚಿನ ಮೇಲೆ ಕೂತು ನೀರಿನ ಬಾಟಲಿ ಕಾದರು.

ಡಿಸೆಂಬರ್‌ನಲ್ಲಿ ಇನ್ನೊಂದು ಪಂದ್ಯಾವಳಿ ಇದೆ. ನಮ್ಮ ಪಿ.ಟಿ. ಸರ್ ನನ್ನನ್ನು ಕರೆದು, “ನೀನು ಕ್ಯಾಪ್ಟನ್. ಹನ್ನೆರಡು ಹೆಸರು ನೀನೇ ಬರೆದುಕೊಂಡು ಬಾ, ಯಾಕೆ ಅಂತಲೂ ಹೇಳು” ಅಂದರು. ಆ ‘ಯಾಕೆ’ಗೆ ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಹಾಕಿಯ ಕಥೆ. ಅದನ್ನು ನಿಮ್ಮ ಜೊತೆ ಹಂಚಿಕೊಳ್ಳುತ್ತೇನೆ.

ಹೊಸದಾಗಿ ಕಟ್ಟುವುದು ಅಂದರೇನು?

ಅಬ್ಬಾ ಅವರ ಚಪ್ಪಲಿ ಅಂಗಡಿಯಲ್ಲಿ ಪ್ರತಿ ವರ್ಷ ಕೆಲವು ಜೊತೆ ಹಾಗೇ ಉಳಿಯುತ್ತವೆ. ಅವನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು. ಅಬ್ಬಾ ಹೇಳುವುದು ಇಷ್ಟೇ: ಹಾಕಿದ ದುಡ್ಡು ಆಗಲೇ ಹೋಗಿದೆ, ಈಗ ಬೇಕಾಗಿರುವುದು ಹೊಸ ಮಾಲು ಇಡಲು ಜಾಗ. ಕ್ರೀಡಾ ತಂಡದಲ್ಲೂ ಹೀಗೆಯೇ. ಈ ವರ್ಷ ಗೆಲ್ಲುವ ಆಸೆಯನ್ನು ಸ್ವಲ್ಪ ಬಿಟ್ಟು, ಹಳೆಯ ಆಟಗಾರರ ಜಾಗವನ್ನು ಕಿರಿಯರಿಗೆ ಕೊಟ್ಟು, ಎರಡು ಮೂರು ವರ್ಷದ ನಂತರದ ಗೆಲುವಿಗೆ ಈಗಲೇ ಬಂಡವಾಳ ಹಾಕುವುದನ್ನು ತಂಡ ಹೊಸದಾಗಿ ಕಟ್ಟುವುದು ಅನ್ನುತ್ತಾರೆ. ಅದರ ಬೆಲೆ ಈ ವರ್ಷದ ಸೋಲು.

ಅಮೆರಿಕ ಮತ್ತು ಕೆನಡಾದ ವೃತ್ತಿಪರ ಐಸ್ ಹಾಕಿ ಲೀಗ್‌ನಲ್ಲಿ ಇದಕ್ಕೆ ಒಂದು ವ್ಯವಸ್ಥೆಯೇ ಇದೆ. ಕೆಳಗಿನ ಸ್ಥಾನ ಪಡೆದ ತಂಡಗಳಿಗೆ ಹೊಸ ಆಟಗಾರರನ್ನು ಮೊದಲು ಆರಿಸಿಕೊಳ್ಳುವ ಅವಕಾಶ ಹೆಚ್ಚು. ಬೇಕೆಂದೇ ಸೋಲಬಾರದೆಂದು ಅದಕ್ಕೆ ಲಾಟರಿಯನ್ನೂ ಇಟ್ಟಿದ್ದಾರೆ. ಶಿಕಾಗೋ ತಂಡ 2006ರಲ್ಲಿ ಜೊನಾಥನ್ ಟೇವ್ಸ್, 2007ರಲ್ಲಿ ಪ್ಯಾಟ್ರಿಕ್ ಕೇನ್ ಅವರನ್ನು ಹೀಗೆ ಪಡೆದು 2010, 2013, 2015ರಲ್ಲಿ ಕಪ್ ಗೆದ್ದಿತು. ಆದರೆ ಎಡ್ಮಂಟನ್ ತಂಡಕ್ಕೆ 2010, 2011, 2012ರಲ್ಲಿ ಸತತ ಮೂರು ವರ್ಷ ಮೊದಲ ಆಯ್ಕೆ ಸಿಕ್ಕಿತು. ಆದರೂ ಅದು 2007ರಿಂದ 2016ರವರೆಗೆ ಒಮ್ಮೆಯೂ ಪ್ಲೇ ಆಫ್ ಹಂತಕ್ಕೆ ಬರಲಿಲ್ಲ. ಅಂದರೆ ಹೊಸಬರು ಬಂದ ಮಾತ್ರಕ್ಕೆ ತಂಡ ಕಟ್ಟಿದ ಹಾಗಾಗುವುದಿಲ್ಲ.

ನಮ್ಮ ದೇಶದ ಹಾಕಿ ತಂಡದ ಪಾಠ

ನಮಗೆ ಹತ್ತಿರದ ಉದಾಹರಣೆ ಭಾರತದ ಪುರುಷರ ತಂಡ. ಒಲಿಂಪಿಕ್ಸ್‌ನಲ್ಲಿ ಎಂಟು ಚಿನ್ನ ಗೆದ್ದ ಈ ತಂಡ 2008ರ ಮಾರ್ಚ್‌ನಲ್ಲಿ ಚಿಲಿಯ ಸ್ಯಾಂಟಿಯಾಗೋದಲ್ಲಿ ಬ್ರಿಟನ್ ಎದುರು 0–2ರಲ್ಲಿ ಸೋತು, 1928ರ ನಂತರ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಅರ್ಹತೆಯನ್ನೇ ಕಳೆದುಕೊಂಡಿತು. 2012ರ ಲಂಡನ್‌ಗೆ ಹೋದಾಗ ಆಡಿದ ಆರೂ ಪಂದ್ಯ ಸೋತು ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದಾಯಿತು.

ಅದಾದ ಮೇಲೆ ಮೊದಲು ಮಾಡಿದ್ದು ಕೋಚ್ ಬದಲಾವಣೆ. ಟೆರಿ ವಾಲ್ಶ್, ಪಾಲ್ ವ್ಯಾನ್ ಆಸ್, ರೋಲಂಟ್ ಓಲ್ಟ್‌ಮನ್ಸ್, ಶೋರ್ಡ್ ಮರೈನೆ, ಹರೇಂದ್ರ ಸಿಂಗ್ ಹೀಗೆ ಒಬ್ಬರಾದ ಮೇಲೊಬ್ಬರು ಬಂದು ಹೋದರು. ಕೋಚ್ ಬದಲಾಯಿಸುವುದೇ ತಂಡ ಕಟ್ಟುವುದು ಎಂದು ನಾವು ತಪ್ಪು ತಿಳಿಯುತ್ತೇವೆ. ಅಂಗಡಿಯ ಬೋರ್ಡಿಗೆ ಹೊಸ ಬಣ್ಣ ಹೊಡೆದರೆ ಒಳಗಿನ ಮಾಲು ಬದಲಾಗುವುದಿಲ್ಲ.

ನಿಜವಾದ ಕೆಲಸ ಕಿರಿಯರ ತಂಡದಲ್ಲಿ ನಡೆಯಿತು. 2016ರ ಡಿಸೆಂಬರ್‌ನಲ್ಲಿ ಲಕ್ನೋದಲ್ಲಿ ಭಾರತ ಬೆಲ್ಜಿಯಂ ತಂಡವನ್ನು 2–1ರಲ್ಲಿ ಸೋಲಿಸಿ ಜೂನಿಯರ್ ವಿಶ್ವಕಪ್ ಗೆದ್ದಿತು. ಆ ತಂಡದ ಹರ್ಮನ್‌ಪ್ರೀತ್ ಸಿಂಗ್, ಮನ್‌ದೀಪ್ ಸಿಂಗ್, ಸುಮಿತ್, ವರುಣ್ ಕುಮಾರ್, ನೀಲಕಂಠ ಶರ್ಮಾ, ಗುರ್ಜಂತ್ ಸಿಂಗ್, ಸಿಮ್ರನ್‌ಜೀತ್ ಸಿಂಗ್ ಮುಂದೆ ಟೋಕಿಯೋ ಒಲಿಂಪಿಕ್ಸ್‌ಗೆ ಹೋದರು. 2018ರಿಂದ ಒಡಿಶಾ ಸರ್ಕಾರ ತಂಡದ ಪ್ರಾಯೋಜಕತ್ವ ವಹಿಸಿತು. ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ದೀರ್ಘ ಶಿಬಿರಗಳು ನಡೆದವು. 2019ರಲ್ಲಿ ಬಂದ ಗ್ರಹಾಂ ರೀಡ್ 2023ರವರೆಗೆ ಕೋಚ್ ಆಗಿ ಉಳಿದರು. 2021ರ ಆಗಸ್ಟ್ 5ರಂದು ಭಾರತ ಜರ್ಮನಿಯನ್ನು 5–4ರಲ್ಲಿ ಸೋಲಿಸಿ 41 ವರ್ಷಗಳ ನಂತರ ಪದಕ ಗೆದ್ದಿತು. ಅಂದು ಸಿಮ್ರನ್‌ಜೀತ್ ಎರಡು ಗೋಲು ಹೊಡೆದರು. 2024ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಕಂಚು.

ಇಲ್ಲಿ ಒಂದು ವಿಷಯ ಗಮನಿಸಿ. ಹಳಬರೆಲ್ಲರನ್ನೂ ಕಳಿಸಲಿಲ್ಲ. ಲಂಡನ್‌ನಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದ ತಂಡದಲ್ಲಿದ್ದ ಗೋಲ್‌ಕೀಪರ್ ಪಿ.ಆರ್. ಶ್ರೀಜೇಶ್ ಟೋಕಿಯೋದಲ್ಲೂ ಇದ್ದರು, ಪ್ಯಾರಿಸ್‌ನಲ್ಲೂ ಇದ್ದರು. ಲಂಡನ್‌ನಲ್ಲಿದ್ದ ಮನ್‌ಪ್ರೀತ್ ಸಿಂಗ್ ಟೋಕಿಯೋದಲ್ಲಿ ನಾಯಕ. ಸೋಲು ಹೇಗಿರುತ್ತದೆ ಎಂದು ಕಂಡವರು ಒಬ್ಬಿಬ್ಬರು ಹೊಸಬರ ಜೊತೆ ಇರಬೇಕು.

ಲೆಕ್ಕದ ಇನ್ನೊಂದು ಬದಿ

ಲೆಕ್ಕಶಾಸ್ತ್ರದಲ್ಲಿ ಪ್ರತಿ ಜಮೆಗೂ ಒಂದು ಖರ್ಚು ಇರುತ್ತದೆ. ಈ ಕಂಚಿನ ಖರ್ಚು ನಮ್ಮ ಪಕ್ಕದ ಜಿಲ್ಲೆಗೂ ಬಿತ್ತು. ಪಿರಿಯಾಪಟ್ಟಣ ದಾಟಿದರೆ ಕೊಡಗು. 1972ರ ಕಂಚಿನ ತಂಡದಲ್ಲಿ ಎಂ.ಪಿ. ಗಣೇಶ್, 1975ರ ವಿಶ್ವಕಪ್ ತಂಡದಲ್ಲಿ ಬಿ.ಪಿ. ಗೋವಿಂದ, 1980ರ ಚಿನ್ನದ ತಂಡದಲ್ಲಿ ಎಂ.ಎಂ. ಸೋಮಯ್ಯ ಇದ್ದರು. 2016ರ ರಿಯೋ ಒಲಿಂಪಿಕ್ಸ್‌ನಲ್ಲೂ ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ ಆಡಿದರು. ಟೋಕಿಯೋದಲ್ಲಿ ಪದಕ ಗೆದ್ದ ತಂಡದಲ್ಲಿ ಕೊಡಗಿನವರು ಒಬ್ಬರೂ ಇಲ್ಲ.

ಸೋಮವಾರಪೇಟೆಯ ಸುನಿಲ್ ಹದಿನಾಲ್ಕು ವರ್ಷ ದೇಶಕ್ಕೆ ಆಡಿದವರು. ಸ್ಯಾಂಟಿಯಾಗೋದ ಅವಮಾನ ಆದ ಕಾಲದಿಂದ ತಂಡ ಮೇಲೆದ್ದ ಕಾಲದವರೆಗೆ ಬಲಬದಿಯಲ್ಲಿ ಓಡಿದವರು. ಪದಕ ಬಂದಾಗ ಅವರು ತಂಡದಲ್ಲಿರಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ನಿವೃತ್ತಿ ಹೇಳಿದರು. ಆಯ್ಕೆಗಾರರು ತಪ್ಪು ಮಾಡಿದರು ಎಂದು ನಾನು ಹೇಳುತ್ತಿಲ್ಲ. ಫಲಿತಾಂಶ ಅವರ ಪರವಾಗಿದೆ. ಆದರೆ ತಂಡ ಕಟ್ಟುವ ಮಾತಾಡುವಾಗ ಗಿಡ ನೆಟ್ಟು ನೀರು ಹಾಕಿದವನಿಗೆ ಹಣ್ಣು ಸಿಗದೆ ಹೋಗಬಹುದು ಎಂಬುದನ್ನು ಮರೆಯಬಾರದು.

ಹಾಗಾದರೆ ಯಾವಾಗ?

ಇದನ್ನೆಲ್ಲ ಓದಿದ ಮೇಲೆ ನಾನು ನಾಲ್ಕು ಪ್ರಶ್ನೆ ಬರೆದುಕೊಂಡೆ.

ಒಂದು, ಸೋಲು ಅದೃಷ್ಟದ್ದೋ, ಶಕ್ತಿ ಮುಗಿದದ್ದೋ? ಒಂದೆರಡು ಪಾಯಿಂಟ್‌ಗಳಲ್ಲಿ ಸೋಲುತ್ತಿದ್ದರೆ ತಿದ್ದಿಕೊಂಡರೆ ಸಾಕು. ಎಲ್ಲರ ಎದುರೂ ದೊಡ್ಡ ಅಂತರದಲ್ಲಿ ಸೋಲುತ್ತಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ.

ಎರಡು, ಹಿಂದೆ ಹುಡುಗರು ಇದ್ದಾರಾ? ಭಾರತಕ್ಕೆ 2016ರ ಜೂನಿಯರ್ ತಂಡ ಇತ್ತು. ಹೊಸ ಮಾಲು ಬರದೆ ಕಪಾಟು ಖಾಲಿ ಮಾಡಿದರೆ ಅಂಗಡಿ ಮುಚ್ಚಿದ ಹಾಗೆ.

ಮೂರು, ಎಷ್ಟು ದಿನ ಕಾಯಬಹುದು? ಲಂಡನ್‌ನಿಂದ ಟೋಕಿಯೋಗೆ ಒಂಬತ್ತು ವರ್ಷ ಹಿಡಿಯಿತು. ಅಲ್ಲಿಯವರೆಗೆ ದುಡ್ಡು ಹಾಕುವವರೂ ತಾಳ್ಮೆ ಇರುವವರೂ ಬೇಕು.

ನಾಲ್ಕು, ಯಾರು ಉಳಿಯಬೇಕು? ಹಿರಿಯರಲ್ಲಿ ಕಲಿಸುವವರು ಯಾರು, ಜಾಗ ಹಿಡಿದು ಕೂತವರು ಯಾರು ಎಂದು ನೋಡಬೇಕು. ಈ ವಿಷಯದಲ್ಲಿ ಕೊಡಗಿನ ಕುಟುಂಬ ಹಾಕಿ ನನಗೆ ಇಷ್ಟ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದ ಆ ಹಬ್ಬದಲ್ಲಿ ಒಂದೇ ಮನೆತನದ ಹಿರಿಯರೂ ಹುಡುಗರೂ ಒಟ್ಟಿಗೆ ಆಡುತ್ತಾರೆ. ಅಲ್ಲಿ ಕಿರಿಯರು ಬೆಂಚಿನಿಂದ ನೋಡಿ ಕಲಿಯುವುದಿಲ್ಲ, ಹಿರಿಯರ ಪಕ್ಕದಲ್ಲಿ ಓಡಿ ಕಲಿಯುತ್ತಾರೆ.

ಈಗ ನಮ್ಮ ತಂಡಕ್ಕೆ ಬರೋಣ. ಪಿಯು ಕಾಲೇಜಿನಲ್ಲಿ ಒಬ್ಬ ಆಟಗಾರನ ಆಯುಷ್ಯ ಎರಡೇ ವರ್ಷ. ನಾವು ಬೇರೆ ಕಡೆಯಿಂದ ಆಟಗಾರರನ್ನು ಕೊಳ್ಳುವಂತಿಲ್ಲ. ಅಂದರೆ ತಂಡವನ್ನು ಹೊಸದಾಗಿ ಕಟ್ಟಬೇಕೋ ಬೇಡವೋ ಎಂಬ ಪ್ರಶ್ನೆಯೇ ನಮಗಿಲ್ಲ. ಪ್ರತಿ ಮಾರ್ಚ್‌ನಲ್ಲಿ ಅರ್ಧ ತಂಡ ತಾನಾಗಿ ಹೋಗುತ್ತದೆ. ಪ್ರಥಮ ಪಿಯುಸಿಯವರನ್ನು ಆಡಿಸದಿದ್ದರೆ ಪೂರ್ತಿ ತಂಡವೇ ಹೋಗುತ್ತದೆ. ಈ ವರ್ಷ ಆಗಿದ್ದು ಅದೇ, ಮುಂದಿನ ವರ್ಷ ಆಗುವುದೂ ಅದೇ.

ಹಾಗಾಗಿ ನಾನು ಸರ್‌ಗೆ ಕೊಟ್ಟ ಪಟ್ಟಿಯಲ್ಲಿ ಹನ್ನೆರಡರಲ್ಲಿ ಆರು ಹೆಸರು ಪ್ರಥಮ ಪಿಯುಸಿಯವರದು. ಪ್ರತಿ ಸೆಟ್‌ನಲ್ಲೂ ಅವರಲ್ಲಿ ಮೂವರು ಅಂಗಳದಲ್ಲಿ ಇರಬೇಕು ಎಂದು ಬರೆದೆ. ಇದರಿಂದ ನನ್ನ ಇಬ್ಬರು ಗೆಳೆಯರಿಗೆ ಅವರ ಕೊನೆಯ ಪಂದ್ಯಾವಳಿಯಲ್ಲಿ ಜಾಗ ಹೋಯಿತು. ಒಬ್ಬ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಅವನ ಸಿಟ್ಟು ನ್ಯಾಯವಾದದ್ದೇ. ಅದಕ್ಕೇ ಎರಡನೇ ಸೆಟ್‌ನಲ್ಲಿ ನನ್ನ ಜಾಗಕ್ಕೂ ಪ್ರಥಮ ಪಿಯುಸಿ ಹುಡುಗನ ಹೆಸರು ಬರೆದಿದ್ದೇನೆ. ಚೆಂಡು ಎತ್ತಿಕೊಡುವ ಕೆಲಸ ಅವನಿಗೆ ಈಗಲೇ ಅಭ್ಯಾಸವಾಗಬೇಕು.

ಡಿಸೆಂಬರ್‌ನಲ್ಲಿ ನಾವು ಸೋಲಬಹುದು. ಸೋತರೆ ಬೈಯುವವರು ನನ್ನನ್ನು ಬೈಯಿರಿ, ಹುಡುಗರನ್ನು ಬೈಯಬೇಡಿ. ಅಭ್ಯಾಸ ಪ್ರತಿದಿನ ಸಂಜೆ ನಾಲ್ಕೂವರೆಗೆ. ಪ್ರಥಮ ಪಿಯುಸಿಯಲ್ಲಿ ಆಡುವ ಆಸೆ ಇರುವವರು ಯಾರಾದರೂ ಇದ್ದರೆ, ಶೂ ಇಲ್ಲದಿದ್ದರೂ ಪರವಾಗಿಲ್ಲ, ಬನ್ನಿ.