ಅಟ್ಟದ ಮೇಲಿನ ಬಾಕ್ಸ್ ಕ್ಯಾಮರಾ



ಅಟ್ಟ ಗುಡಿಸುವಾಗ ಹಿರಿಯರ ಕಾಲದ ಸಾಮಾನಿನ ನಡುವೆ ಒಂದು ಕಪ್ಪು ಪೆಟ್ಟಿಗೆ ನಿಮ್ಮ ಕೈಗೆ ಸಿಕ್ಕೀತು. ಮುಂದೆ ಗಾಜಿನ ಕಣ್ಣು, ಪಕ್ಕದಲ್ಲಿ ತಿರುಗಿಸುವ ಕೀಲಿ, ಹಿಂದೆ ಸಣ್ಣ ಕೆಂಪು ಕಿಂಡಿ ಇದ್ದರೆ ಅದು ಬಾಕ್ಸ್ ಕ್ಯಾಮರಾ. ಅವಸರದಿಂದ ಅದನ್ನು ಬಿಚ್ಚಬೇಡಿ. ಏಕೆಂದು ತಿಳಿಯಲು, ಅದು ಕೆಲಸ ಮಾಡುವ ಬಗೆಯನ್ನು ಮೊದಲು ನೋಡೋಣ.

ನಡು ಹಗಲಿನಲ್ಲಿ ಕತ್ತಲ ಕೋಣೆಯ ಬಾಗಿಲು ಮುಚ್ಚಿದಾಗ, ಬಾಗಿಲಿನ ಸಣ್ಣ ತೂತಿನಿಂದ ಬಂದ ಬೆಳಕು ಎದುರು ಗೋಡೆಯ ಮೇಲೆ ಬೀದಿಯ ಚಿತ್ರವನ್ನೇ ಮೂಡಿಸುವುದನ್ನು ನೀವು ಕಂಡಿರಬಹುದು. ಬೀದಿಯಲ್ಲಿ ಹೋಗುವ ಎತ್ತು ಅಲ್ಲಿ ಕಾಲು ಮೇಲಾಗಿ ಕಾಣುತ್ತದೆ. ಬೆಳಕು ನೇರವಾಗಿ ಸಾಗುವುದರಿಂದ ಮೇಲಿನದು ಕೆಳಕ್ಕೂ ಕೆಳಗಿನದು ಮೇಲಕ್ಕೂ ಬೀಳುತ್ತದೆ. ಬಾಕ್ಸ್ ಕ್ಯಾಮರಾ ಇಂಥದೇ ಪುಟ್ಟ ಕತ್ತಲ ಕೋಣೆ. ತೂತಿನ ಜಾಗದಲ್ಲಿ ಮಸೂರ, ಗೋಡೆಯ ಜಾಗದಲ್ಲಿ ಫಿಲ್ಮು.

ಅಮೆರಿಕದ ಈಸ್ಟ್‌ಮನ್ ಕೊಡಕ್ ಕಂಪನಿಯು 1900ರಲ್ಲಿ 'ಬ್ರೌನಿ' ಎಂಬ ಬಾಕ್ಸ್ ಕ್ಯಾಮರಾವನ್ನು ಒಂದೇ ಡಾಲರಿಗೆ ಮಾರಿತು. ಇದರಿಂದ ಸಾಮಾನ್ಯ ಜನರೂ ಚಿತ್ರ ತೆಗೆಯುವಂತಾಯಿತು. 1901ರಲ್ಲಿ ಬಂದ ಎರಡನೆಯ ನಂಬರಿನ ಬ್ರೌನಿಯಲ್ಲಿ ಒಂದು ಸುರುಳಿ ಫಿಲ್ಮಿಗೆ ಹಲವು ಚಿತ್ರಗಳು. ಪ್ರತಿಯೊಂದೂ 2¼ ಅಂಗುಲ ಅಗಲ, 3¼ ಅಂಗುಲ ಉದ್ದ. ಅದಕ್ಕೆಂದು ಮಾಡಿದ 120 ನಂಬರಿನ ಫಿಲ್ಮು ಇಂದಿಗೂ ತಯಾರಾಗುತ್ತಿದೆ.

ಗುಂಡಿ ಒತ್ತಿದರೆ ಮಸೂರವನ್ನು ಮರೆಮಾಡಿದ ತಗಡು ಸರಿದು, ಕ್ಷಣದಲ್ಲೇ ಮುಚ್ಚಿಕೊಳ್ಳುತ್ತದೆ. ಫಿಲ್ಮಿನ ಲೇಪದಲ್ಲಿ ಬೆಳ್ಳಿಯ ಲವಣವಿದೆ. ಬೆಳಕು ತಾಕಿದ ಕಡೆ ಅದು ಮಾರ್ಪಡುತ್ತದೆ; ಮುಂದೆ ರಾಸಾಯನಿಕ ದ್ರಾವಣದಲ್ಲಿ ತೊಳೆದಾಗ ಆ ಭಾಗ ಕಪ್ಪಾಗಿ ಚಿತ್ರ ಮೂಡುತ್ತದೆ. ಕೀಲಿ ತಿರುಗಿಸಿದರೆ ಮುಂದಿನ ಚಿತ್ರದ ಸಂಖ್ಯೆ ಕೆಂಪು ಕಿಂಡಿಯಲ್ಲಿ ಕಾಣುತ್ತದೆ. ತಿರುಗಿಸಲು ಮರೆತರೆ ಒಂದರ ಮೇಲೊಂದು ಚಿತ್ರ ಬಿದ್ದು ಎರಡೂ ಕೆಡುತ್ತವೆ.

ಇದರಿಂದ ಚಿತ್ರ ತೆಗೆಯುವವರು ಮೂರು ಮಾತು ನೆನಪಿಡಬೇಕು:

1. ಒಳ್ಳೆಯ ಬಿಸಿಲಿರಲಿ, ಸೂರ್ಯ ನಿಮ್ಮ ಬೆನ್ನ ಹಿಂದಿರಲಿ.
2. ಎದುರಿನವರು ಹತ್ತು ಅಡಿಯಾದರೂ ದೂರ ನಿಲ್ಲಲಿ.
3. ಪೆಟ್ಟಿಗೆಯನ್ನು ಹೊಟ್ಟೆಗೆ ಒತ್ತಿಹಿಡಿದು, ಅಲುಗದಂತೆ ಗುಂಡಿ ಒತ್ತಿ.

ಈಗ ಅಟ್ಟದ ಪೆಟ್ಟಿಗೆಯ ವಿಷಯ. ಕೆಂಪು ಕಿಂಡಿಯಲ್ಲಿ ಸಂಖ್ಯೆಯೋ ಕಾಗದವೋ ಕಂಡರೆ ಒಳಗೆ ಫಿಲ್ಮು ಇದೆ ಎಂದೇ ತಿಳಿಯಿರಿ. ಹಗಲು ಬೆಳಕಿನಲ್ಲಿ ಬಿಚ್ಚಿದರೆ ತೊಳೆಯದ ಫಿಲ್ಮಿಗೆಲ್ಲ ಬೆಳಕು ತಾಕಿ ಚಿತ್ರ ಹಾಳಾಗುತ್ತದೆ. ಮಕ್ಕಳ ಕೈಗೆ ಕೊಡದೆ, ಕಪ್ಪು ಬಟ್ಟೆಯಲ್ಲಿ ಸುತ್ತಿ, ಫಿಲ್ಮು ತೊಳೆಯಬಲ್ಲ ಸ್ಟುಡಿಯೋದವರಿಗೆ ಹಾಗೆಯೇ ಒಪ್ಪಿಸಿ. ಹಲವು ವರ್ಷಗಳ ಹಿಂದಿನ ಕಪ್ಪುಬಿಳುಪು ಫಿಲ್ಮಿನಿಂದಲೂ ಚಿತ್ರ ದೊರೆತದ್ದುಂಟು.

ಅದರಲ್ಲಿ ನೀವು ಕಾಣದ ನಿಮ್ಮ ಮುತ್ತಜ್ಜಿಯ ಮುಖವಿದ್ದೀತು. ಒಂದು ಗಳಿಗೆಯ ಕುತೂಹಲಕ್ಕೆ ಅದನ್ನು ಕಳೆದುಕೊಳ್ಳಬೇಡಿ.

— ನಿಮ್ಮ ಗ್ರಾಮಸೇವಕ